ನಿಪ್ಪಾಣಿ ತಂಬಾಕಿನ ರುಚಿ ವೇಪ್‌ನ್ಯಾಗ ಸಿಗೂದಿಲ್ಲೇನು? ನೀವು ಯಾವ ಫ್ಲೇವರ್, ಯಾವ ಡಿವೈಸ್?

ನಿಪ್ಪಾಣಿ ಪಾವ್ಣ್ಯಾ
ನಮಸ್ಕಾರ್ರಿ ಎಲ್ಲಾರಿಗೂ. ಊರು ನಿಪ್ಪಾಣಿ, ಸದ್ಯ ಹೊಟ್ಟಿಪಾಡು ಇಂಗ್ಲೆಂಡಿನ ಲೆಸ್ಟರ್‌ನ್ಯಾಗ. ಸಿಗರೇಟ್ ಬಿಟ್ಟು ವೇಪ್ (ಬ್ಯಾಟರಿ ಮ್ಯಾಲೆ ನಡಿಯೂ ಇ-ಸಿಗರೇಟ್) ಹಿಡದೇನಿ, ತಿರುಗಿ ಸಿಗರೇಟ್ ಮುಟ್ಟಿಲ್ಲ, ಆ ಮಟ್ಟಿಗೆ ಖುಷಿ ಐತಿ. ತಕರಾರು ಇರೂದು ರುಚಿದ್ದು.

ಅಂಗಡಿಗೆ ಹೋದ್ರ ಗ್ವಾಡಿ ತುಂಬ ಬಾಟ್ಲಿ. ಬ್ಲೂಬೆರಿ, ಕಲ್ಲಂಗಡಿ ಐಸ್, ಕಸ್ಟರ್ಡ್, ಡೋನಟ್. ಟೊಬ್ಯಾಕೋ ಅಂತ ಬರದದ್ದು ಮೂಲ್ಯಾಗ ನಾಕು ಇರ್ತಾವ, ತಂದು ಎಳದ್ರ ಸುಟ್ಟ ಸಕ್ಕರಿ, ಅದರ ಹಿಂದ ಹುರದ ಶೇಂಗಾ. ಇದಕ್ಕ ಯಾವ ಪುಣ್ಯಾತ್ಮ ತಂಬಾಕ ಅಂತ ಹೆಸರಿಟ್ನೋ! ನಮ್ಮ ಅಜ್ಜಂದು ತಂಬಾಕಿನ ವಖಾರಿ ಇತ್ತು. ಬಿಸಿಲಿಗೆ ಒಣಗಿ ಕರ್ರಗಾದ ಎಲಿ ರಾಶಿ ಹಾಕಿದ್ರ ಓಣಿ ತುಂಬ ಘಮ್ಮ ಅಂತಿತ್ತು, ಘಾಟಿಗೆ ಸೀನು ಬರ್ತಿದ್ವು. ನನಗ ಬೇಕಾದ್ದು ಆ ವಾಸನಿ.

ನನ್ನ ಕಡೆ ಇರೂದು ಸಣ್ಣ ಪಾಡ್ (ಕಿಸೇದಾಗ ಹಿಡಿಯೂ ವೇಪ್), 0.8 ಓಮ್ ಕಾಯಿಲ್ (ಲಿಕ್ವಿಡ್ ಕಾಯಿಸೂ ತಂತಿ ಸುರುಳಿ), ಮಿಲಿಗೆ 20 ಮಿಲಿಗ್ರಾಂ ನಿಕ್ ಸಾಲ್ಟ್ (ಲವಣರೂಪದ ನಿಕೋಟಿನ್), ಲಿಕ್ವಿಡ್‌ನ್ಯಾಗ ವಿಜಿ-ಪಿಜಿ (ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್) ಅರ್ಧಕ್ಕರ್ಧ. ಹೊರದೇಶದಾಗ ಇರೂ ನಮ್ಮ ಮಂದಿ ಏನು ಬಳಸ್ತೀರಿ? ಡಿವೈಸ್ ಬದಲ್ ಮಾಡಿದ್ರ ರುಚಿ ಬದಲಾಗ್ತೈತೇನು, ಇಲ್ಲಾ ಲಿಕ್ವಿಡ್‌ನ್ಯಾಗ ಹುಳುಕೋ?

ತಿಳಕವಾಡಿ ಹುಡುಗ
ಅಣ್ಣಾ, ವಖಾರಿ ವಾಸನಿ ಬೇಕಂದ್ರ ಬೆಳಗಾವಿ ಸಾಂಬ್ರಾ ವಿಮಾನ ನಿಲ್ದಾಣದಾಗ ಇಳಿ, ನಿಪ್ಪಾಣಿ ಬಸ್ ಹತ್ತು. ಮುಗೀತು 😄

ಗುಮ್ಮಟದ ಗಾಳಿ
ತಂಬಾಕು ಬಿಡ್ಲಿಕ್ಕೆ ವೇಪ್ ಹಿಡದು, ವೇಪ್‌ನ್ಯಾಗ ಮತ್ತ ತಂಬಾಕೇ ಹುಡುಕೂದಾ? ಏನ್ ಶಾಣ್ಯಾ ಇದ್ದೀರಿ ಸಾಹೇಬ್ರ!

ನಾ ವಿಜಯಪುರದಾಂವ, ದುಬೈದಾಗ ಇರ್ತೀನಿ. 2019ರಾಗ ಇಲ್ಲಿ ಮಾರಾಟಕ್ಕ ಪರವಾನಗಿ ಕೊಟ್ರು, ಅವಾಗಿಂದ ರಾಜಾರೋಷ. ನಂದು ಎರಡು 18650 ಬ್ಯಾಟರಿ ಹಾಕೂ ದೊಡ್ಡ ಮಾಡ್ (ಜೋರು ಕಾಯಿಸೂ ದೊಡ್ಡ ವೇಪ್), 0.15 ಓಮ್ ಮೆಶ್ (ಜಾಳಗಿ) ಕಾಯಿಲ್, ವಿಜಿ-ಪಿಜಿ 70:30 ಲಿಕ್ವಿಡ್, ನಿಕೋಟಿನ್ ಬರೇ 3. ಫ್ಲೇವರ್ ಮಾವಿನಹಣ್ಣು, ಮ್ಯಾಲೆ ಐಸ್. ಹೊಗಿ ಬಿಟ್ರ ಎದುರಿಗೆ ಗೋಳಗುಮ್ಮಟ ಇದ್ರೂ ಕಾಣಬಾರದು, ಅದು ಮಜಾ. ನಿಮ್ಮ ಪಾಡ್ ಅಂದ್ರ ಪೆನ್ನಿನ ಕ್ಯಾಪ್ ಚೀಪಿಧಂಗ.

ಕಾಯಿಲ್ ಸುತ್ತಾವ
ದುಬೈ ದೋಸ್ತ, ಹೊಗಿ ಎಷ್ಟು ಬಂತು ಅನ್ನೂದಕ್ಕೂ ರುಚಿಗೂ ಸಂಬಂಧ ಕಡಿಮಿ. ಹೊಗಿ ದಪ್ಪ ಮಾಡೂದು ವಿಜಿ, ಅಂದ್ರ ಗ್ಲಿಸರಿನ್. ರುಚಿ ಹೊತ್ತು ತರೂದು, ಗಂಟಲಿಗೆ ಹೊಡತ ಕೊಡೂದು ಪಿಜಿ. 70:30 ಹಾಕಿ ಎಳದು ರುಚಿ ಬಗ್ಗೆ ಮಾತಾಡಬ್ಯಾಡ.

ಪಾವ್ಣ್ಯಾ ಅಣ್ಣಾ, ನಿಮ್ಮ ಪ್ರಶ್ನೆ ಚೊಲೋ ಐತಿ. (ನಾ ಗೋಕಾಕದಾವ, ಮ್ಯಾಂಚೆಸ್ಟರ್‌ನ್ಯಾಗ ಇರ್ತೇನಿ, ಕೈಲೆ ಕಾಯಿಲ್ ಸುತ್ತೂ ಹುಚ್ಚು.) ಅಂಗಡ್ಯಾಗಿನ ಟೊಬ್ಯಾಕೋ ಫ್ಲೇವರ್‌ನ್ಯಾಗ ಬಹಳಷ್ಟಕ್ಕ ತಂಬಾಕಿನ ಎಲಿ ಮುಖಾನೂ ಗೊತ್ತಿರೂದಿಲ್ಲ. ನಿಮಗ ಬಂದ ಹುರದ ಶೇಂಗಾ ಅಸಿಟೈಲ್ ಪೈರಝಿನ್‌ದು, ಪಾಪ್‌ಕಾರ್ನ್, ಬ್ರೆಡ್ಡಿಗೂ ಅದನ್ನ ಹಾಕ್ತಾರ. ಸುಟ್ಟ ಸಕ್ಕರಿ ಈಥೈಲ್ ಮಾಲ್ಟಾಲ್‌ದು. ಎರಡೂ ಕೂಡಿಸಿ, ಸ್ವಲ್ಪ ವೆನಿಲಾ ಬಿಟ್ಟು, ಕಂದು ಲೇಬಲ್ ಹಚ್ಚಿದ್ರ ಅದು ಟೊಬ್ಯಾಕೋ.

ಖರೇ ಎಲಿದ್ದು ಬೇಕಂದ್ರ ‘ನೆಟ್’ ಅಂತ ಬರದಿರ್ತಾರ ನೋಡ್ರಿ. ತಂಬಾಕಿನ ಎಲೀನೇ ಪಿಜಿದಾಗೋ ಆಲ್ಕೊಹಾಲ್‌ನ್ಯಾಗೋ ನೆನೆ ಹಾಕಿ, ಸೋಸಿ ತಗದ ಸಾರ. ಅದರೊಳಗ ಸಿಗಾರ್ ಎಲಿ, ಇಲ್ಲಾ ‘ಡಾರ್ಕ್’ ಅಂತ ಇದ್ದದ್ದು ತಗೋರಿ. ವರ್ಜೀನಿಯಾ ಅಂದ್ರ ಕೊಠಡ್ಯಾಗ ಬಿಸಿಗಾಳಿಗೆ ಹಣ್ಣು ಮಾಡಿದ ಹಳದಿ ಎಲಿ, ಸಿಹಿ ಜಾಸ್ತಿ. ನಿಮ್ಮ ನಿಪ್ಪಾಣಿದು ಹೊಲದಾಗ ಬಿಸಿಲಿಗೆ ಒಣಗಿಸಿದ ಬೀಡಿ ತಂಬಾಕ. ಜಾತೀನೇ ಬ್ಯಾರೆ, ಅದಕ್ಕ ನಿಮಗ ಹೊಂದಿಲ್ಲ.

ತೊಂದ್ರಿ ಒಂದೈತಿ. ನೆಟ್ ಲಿಕ್ವಿಡ್ ಕಾಯಿಲ್ ತಿಂತೈತಿ. ಎಲಿಯೊಳಗಿನ ಸಕ್ಕರಿ, ಮೇಣ ಎಲ್ಲಾ ತಂತಿ ಮ್ಯಾಲೆ ಕರ್ರಗ ಕೂಡ್ತಾವ. ಪಾಡ್‌ನ್ಯಾಗ ಹಾಕಿದ್ರ ನಿಮ್ಮ ಪಗಾರ ಕಾಯಿಲಿಗೇ ಹೋಗ್ತೈತಿ.

ನಿಪ್ಪಾಣಿ ಪಾವ್ಣ್ಯಾ
ಇದು ಉತ್ತರ ಅಂದ್ರ! ಶೇಂಗಾ ಎಲ್ಲಿಂದ ಬಂತಂತ ಈಗ ತಿಳೀತು. ಹಂಗಾರ ಪಗಾರ ಉಳಸೂದು ಹೆಂಗ ಅದನ್ನೂ ಹೇಳ್ರಿ.

ಕಾಯಿಲ್ ಸುತ್ತಾವ
ಆರ್‌ಟಿಎ ತಗೋರಿ. ನಾವೇ ತಂತಿ ಸುತ್ತಿ ಹತ್ತಿ ತುಂಬೂ ಟ್ಯಾಂಕ್. ಎಮ್‌ಟಿಎಲ್‌ದು, ಅಂದ್ರ ಮೊದಲ ಬಾಯಾಗ ತುಂಬಿಕೊಂಡು ಆಮ್ಯಾಲೆ ಒಳಗ ಎಳೂದು, ಸಿಗರೇಟ್ ಸೇದಿಧಂಗ. ಕಾಂತಾಲ್ ತಂತಿ, 1 ಓಮ್ ಆಚೀಚೆ, 12-13 ವ್ಯಾಟ್ ಸಾಕು. ಕರ್ರಗಾತಂದ್ರ ಹತ್ತಿ ತಗದು, ತಂತಿ ಸಣ್ಣಗ ಕಾಯಿಸಿ, ನೀರಾಗ ತೊಳದು, ಹೊಸಾ ಹತ್ತಿ. ಖರ್ಚು ಹತ್ತೀದು ಅಷ್ಟ.

ಹತ್ತಿ ತುಂಬೂದರಾಗ ಐತಿ ಎಲ್ಲಾ ಕರಾಮತ್ತು. ಬಿಗಿ ತುಂಬಿದ್ರ ಲಿಕ್ವಿಡ್ ಏರೂದಿಲ್ಲ, ಒಣ ಹತ್ತಿ ಸುಟ್ಟು ಗಂಟಲ ಹರೀತೈತಿ. ಸಡ್ಲ ತುಂಬಿದ್ರ ಸೋರ್ತೈತಿ. ತುಂಬಿದ ಮ್ಯಾಲೆ ನಾಕು ಹನಿ ಹತ್ತಿಗೆ ಬಿಟ್ಟು, ಟ್ಯಾಂಕ್ ತುಂಬಿ, ಚಹಾ ಕುಡದು ಬಂದು ಎಳೀರಿ. ಅವಸರ ಮಾಡಿದ್ರ ಮೊದಲನೇ ಎಳತಕ್ಕ ಕಾಯಿಲ್ ಹೋತು. ಪಾಡ್‌ನ ಹೊಸಾ ಕಾಯಿಲಿಗೂ ಇದೇ ಮಾತು.

ಮತ್ತ ತಂಬಾಕು, ಕಸ್ಟರ್ಡ್ ಇಂಥಾವು ತಂದ ದಿನಾನೇ ಎಳೀಬ್ಯಾಡ್ರಿ. ಮುಚ್ಚಳ ಬಿಗಿ ಮಾಡಿ ಕತ್ತಲ ಕಪಾಟಿನ್ಯಾಗ ಒಂದೆರಡು ವಾರ ಇಡ್ರಿ, ರುಚಿ ಕೂಡಿಕೊಳ್ತಾವ. ಹಣ್ಣಿನಾವಕ್ಕ ಆ ಗರಜಿಲ್ಲ.

ಗುಮ್ಮಟದ ಗಾಳಿ
ಒಂದು ದಮ್ಮಿಗೆ ಇಷ್ಟು ಸರ್ಕಸ್ಸಾ? ಅಷ್ಟೊತ್ತಿಗೆ ನನ್ನ ಬಾಟ್ಲಿ ಖಾಲಿ ಆಗಿರ್ತದ.

ಕೆರೂರ ಕಾಕಾ
ಎಲ್ಲಾರದೂ ಓದಿದ್ನಿ. ಹುಡುಗೂರಾ, ಇದು ನಮ್ಮ ದೇಶದಾಗ ಬಂದ್ ಐತಿ ಅನ್ನೂದರ ಗೊತ್ತೈತಿಲ್ಲೋ? ನಮ್ಮ ಕರ್ನಾಟಕ 2016ರಾಗ ಬಂದ್ ಮಾಡಿತ್ತು. 2019ರಾಗ ದಿಲ್ಲಿಯಾವರು ಕಾಯ್ದೇನೇ ತಂದ್ರು. ತಯಾರಿ, ಆಮದು, ರಫ್ತು, ಸಾಗಾಟ, ಮಾರಾಟ, ಜಾಹೀರಾತು ಎಲ್ಲಾ ಗುನ್ಹೆ. ಮೊದಲನೇ ಸಲಕ್ಕ ಒಂದು ವರ್ಷ ಜೈಲು ಇಲ್ಲಾ ಒಂದು ಲಕ್ಷ ದಂಡ, ಎರಡೂ ಆಗಬಹುದು. ಮತ್ತ ಸಿಕ್ರ ಮೂರು ವರ್ಷ, ಐದು ಲಕ್ಷ. ಸ್ಟಾಕ್ ಇಟಗೊಂಡ್ರೂ ಆರು ತಿಂಗಳು ಇಲ್ಲಾ 50 ಸಾವಿರ.

ತಿಳಕವಾಡಿ ಹುಡುಗ
ಕಾಕಾ, ಸೇದಾವಗ ಶಿಕ್ಷಾ ಅಂತ ಆ ಕಾಯ್ದೆದಾಗ ಎಲ್ಲಿ ಬರದಾರ? ಮಾರಾವಗ ಐತಿ. ಪಾವ್ಣ್ಯಾ ಅಣ್ಣಾ ದೀಪಾವಳಿಗೆ ಬರುವಾಗ ಒಂದು ಪಾಡ್ ಬ್ಯಾಗಿನ್ಯಾಗ ಒಗಕೊಂಡು ಬಂದ್ರ ಏನಾಗ್ತೈತಿ? ಎರಡು ಬಾಟ್ಲಿ ಪುದೀನಾನೂ ಇರಲಿ.

ಕೆರೂರ ಕಾಕಾ
ಬ್ಯಾಗಿನ್ಯಾಗ ಒಗಕೊಂಡು ಬರೂದಕ್ಕ ಆಮದು ಅಂತಾರ ಮಗನ. ಕಸ್ಟಮ್ಸಿನಾವ ಹಿಡದಾಗ ‘ತಿಳಕವಾಡಿ ಹುಡುಗ ಹೇಳಿದ್ದ’ ಅಂದ್ರ ಬಿಡ್ತಾನೇನು?

ನಿಪ್ಪಾಣಿ ಪಾವ್ಣ್ಯಾ
ತಮ್ಮಾ, ಅದೊಂದು ಕೇಳಬ್ಯಾಡ. ನನ್ನ ಪಾಡೇ ಲೆಸ್ಟರ್‌ನ್ಯಾಗ ಬಿಟ್ಟು ಬರ್ತೇನಿ. ಊರಾಗಿದ್ದಷ್ಟು ದಿನ ನಿಕೋಟಿನ್ ಚೂಯಿಂಗ್ ಗಮ್ಮು. ಕುಂದಾ ತಿನ್ನಾಕ ಬರ್ತೇನಿ, ಕೇಸ್ ಹಾಕಿಸಿಕೊಳ್ಳಾಕ ಅಲ್ಲ.

ನಿರ್ವಾಹಕ
ತಂದುಕೊಡಿ, ಕಳಿಸಿಕೊಡಿ, ಎಲ್ಲಿ ಸಿಗುತ್ತದೆ ಎಂಬ ಮಾತುಗಳು ಇಲ್ಲಿ ಬೇಡ. ಅಂಥ ಪ್ರತಿಕ್ರಿಯೆ ಬಂದರೆ ತೆಗೆಯುತ್ತೇವೆ. ರುಚಿಯ ಚರ್ಚೆ ನಡೆಯಲಿ.

ಇಳಕಲ್ ಸೆರಗು
ನಾನು ಬರ್ಮಿಂಗ್‌ಹ್ಯಾಮ್‌ನ್ಯಾಗ ನರ್ಸ್. ತಿಳಕವಾಡಿ ತಮ್ಮಾ, ನೀ ಮೊದಲ ಸಿಗರೇಟ್ ಸೇದ್ತೀಯೋ ಇಲ್ಲೋ ಅದನ್ನ ಹೇಳು. ಸೇದೂದಿಲ್ಲಂದ್ರ ನಿನಗ ಇದರ ಗರಜೇ ಇಲ್ಲ. ಇಲ್ಲಿ ಸರ್ಕಾರ 2023ರಾಗ ಹತ್ತು ಲಕ್ಷ ಸೇದಾವರಿಗೆ ಪುಕ್ಕಟ ವೇಪ್ ಕಿಟ್ ಕೊಡ್ತೀವಿ ಅಂತ ಯೋಜನಾ ತಂತು, ಖರೆ. ಅದು ಸಿಗರೇಟ್ ಬಿಡಾಕ. ಸಿಗರೇಟಿಗಿಂತ ಹಾನಿ ಕಡಿಮಿ ಅಂತ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವಾ) ಹೇಳ್ತೈತಿ, ಹಾನೀನೇ ಇಲ್ಲ ಅಂತ ಎಲ್ಲೂ ಹೇಳಿಲ್ಲ. ಡಬ್ಲ್ಯೂಎಚ್‌ಒ ಅಂತೂ ಇನ್ನೂ ಬಿರುಸಾಗಿ ವಿರೋಧ ಐತಿ. ಸೇದದವರಿಗೆ, ಸಣ್ಣ ಹುಡುಗರಿಗೆ ಬ್ಯಾಡ ಅನ್ನೂದರಾಗ ಎರಡೂ ಕಡೆಯವರದು ಒಂದೇ ಮಾತು.

ಗುಮ್ಮಟದ ಅಣ್ಣಾರ, ನಿಮ್ಮ ದೊಡ್ಡ ಮಾಡ್‌ನ್ಯಾಗ ಯಾರರ 20ರ ನಿಕ್ ಸಾಲ್ಟ್ ಹಾಕಿ ಎಳದ್ರ ತಲಿ ಗಿರ್ರ್ ಅಂದು ವಾಂತಿ ಮಾಡ್ಕೊಂತಾರ. ಸಾಲ್ಟ್ ಗಂಟಲಿಗೆ ನುಣ್ಣಗ ಹೋಗ್ತೈತಿ, ಎಷ್ಟು ಒಳಗ ಹೋತಂತ ತಿಳಿಯೂದಿಲ್ಲ. ಅದು ಸಣ್ಣ ಪಾಡಿಗೆ ಮಾಡಿದ್ದು. ಓದಾವರು ಇದನ್ನ ಅದಲುಬದಲು ಮಾಡಬಾರದಂತ ಹೇಳಿದ್ನಿ.

ಕೆರೂರ ಕಾಕಾ
ಅಕ್ಕಾರ ಹೇಳಿದ್ದು ಖರೆ. ನಮ್ಮ ಹೆಂಡ್ತಿ ತವರಮನಿ ನಿಪ್ಪಾಣಿ ಕಡೆ. ಮುಂಜಾನೆ ಇಬ್ಬನಿಯೊಳಗ ಹಸಿ ತಂಬಾಕ ಕೊಯ್ಯಾಕ ಹೋದ ಹೆಣ್ಣಮಕ್ಕಳು ಮಧ್ಯಾಹ್ನಕ್ಕ ತಲಿ ಸುತ್ತಿ ಕುಂದರ್ತಿದ್ರು, ಊಟ ಸೇರ್ತಿರಲಿಲ್ಲ. ಒದ್ದಿ ಎಲಿಯಿಂದ ನಿಕೋಟಿನ್ ಚರ್ಮದಾಗ ಇಳೀತೈತಿ ಅಂತ ಡಾಕ್ಟರು ಹೇಳೂತನಕ ಯಾರಿಗೂ ತಿಳಿದಿರಲಿಲ್ಲ, ದೃಷ್ಟಿ ತಗೀತಿದ್ರು.

ಪಾವ್ಣ್ಯಾಗ ವಖಾರಿ ಘಮ್ಮ ಅನಸ್ತೈತಿ, ಯಾಕಂದ್ರ ಆವಾ ಮಾಲಕರ ಮೊಮ್ಮಗ. ಒಳಗ ಕುಂತು ಎಲಿ ಬಡದು ಪುಡಿ ಮಾಡಾವರ ಮೂಗಿಗೆ ಅರಬಿ ಕಟ್ಟಿರ್ತಿದ್ರು.

ನಿಪ್ಪಾಣಿ ಪಾವ್ಣ್ಯಾ
ಕಾಕಾ, ಖರೆ ಐತಿ, ತಪ್ಪಂತ ಹ್ಯಾಂಗ ಅನ್ಲಿ. ಆದ್ರ ನಾವೇನು ದೊಡ್ಡ ಸಾಹುಕಾರ ಇರಲಿಲ್ಲ. 1981ರಾಗ ಶರದ್ ಜೋಶಿಯವರು ಮುಂದ ನಿಂತು ತಂಬಾಕಿಗೆ ದರ ಸಿಗಲಿ ಅಂತ ಪುಣೆ-ಬೆಂಗಳೂರು ಹೆದ್ದಾರಿ ಬಂದ್ ಮಾಡಿಸಿದಾಗ ನಮ್ಮಜ್ಜನೂ ರಸ್ತೆ ಮ್ಯಾಲೆ ಕುಂತಿದ್ದ. ಗೋಳಿಬಾರ್ ಆತು, ರೈತರು ಸತ್ರು. ಮನಿಯಾಗ ಇನ್ನೂ ಆ ಮಾತು ಬರ್ತೈತಿ. ಈಗ ನಮ್ಮ ಹೊಲದಾಗ ಕಬ್ಬು, ಸೋಯಾ. ತಂಬಾಕ ಇಲ್ಲ.

ಬಾದಾಮಿ ಬಂಡಿ
ಎಲ್ಲಿಂದ ಎಲ್ಲಿಗೆ ಹ್ವಾದ್ರೀ ಮಾರಾಯ್ರ. ಫ್ಲೇವರ್ ಕೇಳಿದ್ರ ಗೋಳಿಬಾರ್ ತನಕಾ ಬಂತು.

ನಾ ಜರ್ಮನಿದಾಗ ಇರ್ತೇನಿ. ನನಗ ದ್ರಾಕ್ಷಿ ಫ್ಲೇವರ್ ಮ್ಯಾಲೆ ಸಿಟ್ಟು. ಬಾಟ್ಲಿ ಮ್ಯಾಲೆ ದ್ರಾಕ್ಷಿ ಗೊನಿ, ಒಳಗ ಕೆಮ್ಮಿನ ಔಷಧ. ತಿಕೋಟಾ ದ್ರಾಕ್ಷಿ ತಿಂದ ಬಾಯಿಗೆ ಇದು ಶಿಕ್ಷಾ.

ಕಾಯಿಲ್ ಸುತ್ತಾವ
ಅದು ಮೀಥೈಲ್ ಆಂಥ್ರಾನಿಲೇಟ್ ಕೆಲಸ. ಅಮೆರಿಕದ ಕಾನ್ಕಾರ್ಡ್ ಅನ್ನೂ ಕರಿ ದ್ರಾಕ್ಷಿದು ಆ ವಾಸನಿ, ಅವರಿಗೆ ದ್ರಾಕ್ಷಿ ಅಂದ್ರ ಅದೇ. ತಿಕೋಟಾದಾಗ ಬೆಳೂದು ಬಹಳಷ್ಟು ಥಾಮ್ಸನ್ ಸೀಡ್‌ಲೆಸ್ ಮತ್ತ ಅದರ ತಳಿ, ಅದರಾಗ ಆ ವಾಸನಿ ಇರೂದಿಲ್ಲ. ‘ಬಿಳಿ ದ್ರಾಕ್ಷಿ’ ಅಂತ ಇದ್ದದ್ದು ತಗದು ನೋಡ್ರಿ, ಸ್ವಲ್ಪ ಸಮೀಪ.

ಗುಮ್ಮಟದ ಗಾಳಿ
ಮಾವಿನಹಣ್ಣು ಮಾತ್ರ ಎಲ್ಲಾರೂ ಚೊಲೋ ಮಾಡ್ತಾರ, ಒಪ್ಕೋರಿ.

ಬಾದಾಮಿ ಬಂಡಿ
ಒಪ್ಪೂದಿಲ್ಲ. ಮ್ಯಾಲೆ ಐಸ್ ಸುರದಿರ್ತಾರ, ನಾಲಿಗಿ ಮರಗಟ್ಟಿದ ಮ್ಯಾಲೆ ಮಾವು ಏನು, ಪೇರಲ ಏನು?

ಕಾಯಿಲ್ ಸುತ್ತಾವ
ಐಸ್ ಅಂದ್ರ ಪುದೀನಾನೂ ಅಲ್ಲ ಮತ್ತ. ಡಬ್ಲ್ಯೂಎಸ್-23 ಅಂತ ಒಂದು ಪುಡಿ, ತಂಪಷ್ಟೇ ಕೊಡ್ತೈತಿ, ರುಚಿ ಇಲ್ಲ. ದುಬೈ ದೋಸ್ತಗ ಎರಡು ವಾರ ಬರೇ ಮಾವು-ಐಸ್ ಎಳದ್ರ ರುಚೀನೇ ಹತ್ತದಂಗ ಆಗ್ತೈತಿ ನೋಡು, ಮೂಗು ಅದೇ ವಾಸನಿಗೆ ಹೊಂದಿಬಿಡ್ತೈತಿ. ನಡುನಡುವ ಬ್ಯಾರೆ ಏನರ ಹಾಕು. ನೀರು ಜಾಸ್ತಿ ಕುಡಿ, ವಿಜಿ-ಪಿಜಿ ಬಾಯಿ ಒಣಗಿಸ್ತಾವ.

ಗುಮ್ಮಟದ ಗಾಳಿ
ಅದಕ್ಕ ಅಂತೀನಿ, ಮೊನ್ನಿಂದ ಬರೇ ತಂಪು ಹತ್ತಲಿಕತ್ತದ! ಅಂಗಡಿಯವಗ ಸುಮ್ನ ಬೈದು ಬಂದೀನಿ.

ಮೈಸೂರ್ ಪಾಕ
ನಾನು ದಕ್ಷಿಣದವನು, ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಲಂಡನ್ನಿನಲ್ಲಿ ‘ಪಾನ್’ ಫ್ಲೇವರ್ ಸಿಕ್ತು. ಗುಲ್ಕಂದು, ಸೋಂಪು, ಪುದೀನ ಎಲ್ಲಾ ಬರುತ್ತೆ. ಊಟ ಆದಮೇಲೆ ಎರಡು ದಮ್ಮು ಎಳೆದರೆ ನಿಜಕ್ಕೂ ಚೆನ್ನಾಗಿದೆ. ಆದರೆ ನನ್ನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಡ್ತು, ಪ್ಯಾಂಟೆಲ್ಲಾ ಅಂಟು. ಇದು ಲಿಕ್ವಿಡ್ ದೋಷಾನೋ ಟ್ಯಾಂಕ್ ದೋಷಾನೋ?

ಕಾಯಿಲ್ ಸುತ್ತಾವ
ಎರಡರ ಜಗಳ ಸರ್. ಸೋಂಪು, ದಾಲ್ಚಿನ್ನಿ, ನಿಂಬೆ-ಮೋಸಂಬಿ ಇವು ಕೆಲವು ಪ್ಲಾಸ್ಟಿಕ್ ತಿಂತಾವ. ಗಾಜಿನ ಟ್ಯಾಂಕ್ ಹಾಕ್ರಿ, ಪ್ಯಾಂಟ್ ಉಳೀತೈತಿ.

ತಿಳಕವಾಡಿ ಹುಡುಗ
ಎಲ್ಲಾ ಬಿಡ್ರಿ, ಬೆಳಗಾವಿ ಕುಂದಾ ಫ್ಲೇವರ್ ಯಾಕ ಯಾರೂ ಮಾಡೂದಿಲ್ಲ? ಗ್ಲಿಸರಿನ್ ಮನಿಯಾಗ ಐತಿ. ಕುಂದಾ ಕರಗಿಸಿ ಸೋಸಿ, ಎರಡು ಹನಿ ತುಪ್ಪ, ಯಾಲಕ್ಕಿ ಎಣ್ಣಿ. ದೊಡ್ಡ ಧಂದೆ ಆಗ್ತೈತಿ ನೋಡ್ರಿ 🤑

ಇಳಕಲ್ ಸೆರಗು
ತಮ್ಮಾ, ಚ್ಯಾಷ್ಟಿಗೂ ಇದನ್ನ ಬರೀಬ್ಯಾಡ, ಯಾರರ ಮಾಡಿ ನೋಡ್ತಾರ. ಹೊಟ್ಟಿಗೆ ಹೋದ ತುಪ್ಪ ಜೀರ್ಣ ಆಗ್ತೈತಿ, ಪುಪ್ಪುಸಕ್ಕ ಹೋದ ಎಣ್ಣಿ ಅಲ್ಲೇ ಕುಂದರ್ತೈತಿ, ನ್ಯುಮೋನಿಯಾ ಆಗ್ತೈತಿ. 2019ರಾಗ ಅಮೆರಿಕದಾಗ ಏನಾತು? ಗಾಂಜಾ ಸತ್ವದ ಕಾರ್ಟ್ರಿಜ್‌ನ್ಯಾಗ ದಪ್ಪ ಕಾಣಲಿ ಅಂತ ವಿಟಮಿನ್ ಇ ಅಸಿಟೇಟ್ ಅನ್ನೂ ಎಣ್ಣಿ ಕಲಸಿದ್ರು. 2020ರ ಫೆಬ್ರುವರಿ ತನಕಾ 2,800ಕ್ಕೂ ಮ್ಯಾಲೆ ಮಂದಿ ದವಾಖಾನಿಗೆ ಬಿದ್ರು, 68 ಮಂದಿ ಸತ್ರು. ಸಾಯಾಕ ಹತ್ತಿದ ಹುಡುಗರೊಳಗ ನಿನ್ನ ವಾರಗಿಯವರೂ ಇದ್ರು.

ಅದಕ್ಕ ಊರಾಗ ಕದ್ದು ಮಾರೂ ಮಾಲಿನ ಭೀತಿ ನನಗ. ಒಳಗ ಏನೈತಿ ಅಂತ ಮಾರಾವಗೂ ಗೊತ್ತಿಲ್ಲ, ತಪಾಸ ಮಾಡಾವರೂ ಇಲ್ಲ. ಇಲ್ಲಿ ಮಾರೂದಕ್ಕ ಮೊದಲ ಬಾಟ್ಲಿಯೊಳಗ ಏನೇನೈತಿ ಅಂತ ಸರ್ಕಾರಕ್ಕ ಬರದು ಕೊಡಬೇಕು. ನಿಕೋಟಿನ್ ಮಿಲಿಗೆ 20 ಮಿಲಿಗ್ರಾಂ ದಾಟಬಾರದು, ಬಾಟ್ಲಿ 10 ಮಿಲಿ, ಟ್ಯಾಂಕ್ 2 ಮಿಲಿ.

ಕಾಯಿಲ್ ಸುತ್ತಾವ
ಅಕ್ಕಾರ ಮಾತಿಗೆ ಇನ್ನೊಂದು ಸೇರಸ್ತೇನಿ. ಕುಂದಾದ ಜೀವ ಅಂದ್ರ ಆ ಬೆಣ್ಣಿ-ಖವಾ ವಾಸನಿ. ಫ್ಲೇವರ್ ಮಾಡಾವರು ಅದಕ್ಕ ಹಿಂದ ಡಯಾಸಿಟೈಲ್ ಹಾಕ್ತಿದ್ರು. ಅಮೆರಿಕದ ಪಾಪ್‌ಕಾರ್ನ್ ಕಾರಖಾನಿ ಕೆಲಸಗಾರರ ಪುಪ್ಪುಸ ಕೆಡಿಸಿದ್ದು ಅದೇ. ಇಲ್ಲಿ ವೇಪ್‌ನ್ಯಾಗ ಅದಕ್ಕ ಬಂದಿ ಐತಿ. ಅದಿಲ್ಲದ ಕುಂದಾ ಮಾಡಿದ್ರ ಬರೇ ಕ್ಯಾರಮೆಲ್. ಕುಂದಾ ತಿನ್ನೂ ವಸ್ತು, ತಟ್ಟಿಯಾಗ ಹಾಕ್ಕೊಂಡು ತಿನ್ರಿ.

ತಿಳಕವಾಡಿ ಹುಡುಗ
ಆತ್ರೀ ಆತ್ರೀ, ಧಂದೆ ಬಂದ್. ಅಕ್ಕಾ, ನಾ ಸೇದೂದಿಲ್ಲ, ಹಾಸ್ಟೆಲ್‌ನ್ಯಾಗ ದೋಸ್ತರು ಸೇದ್ತಾರ. ಅವರಿಗೆ ಇದನ್ನ ತೋರಸ್ತೇನಿ.

ಮುಧೋಳ ಮೆಕ್ಯಾನಿಕ್
ಬ್ಯಾಟರಿ ಬಗ್ಗೆ ಯಾರೂ ಬರದಿಲ್ಲ, ಅದಕ್ಕ ಬರೀತೇನಿ. 18650 ಬಿಡಿ ಸೆಲ್ ಕಿಸೇದಾಗ ಕೀಲಿಕೈ, ಚಿಲ್ಲರೆ ಜೋಡಿ ಇಡಬ್ಯಾಡ್ರಿ. ಶಾರ್ಟ್ ಆಗಿ ಪ್ಯಾಂಟಿಗೆ ಬೆಂಕಿ ಹತ್ತಿದ್ದು ಆಗೇತಿ. ಮ್ಯಾಲಿನ ಪ್ಲಾಸ್ಟಿಕ್ ಹರದಿದ್ರ ಆ ಸೆಲ್ ಬಿಡ್ರಿ. ಎರಡು ಸೆಲ್ಲಿನ ಮಾಡ್ ಇದ್ದಾವರು ಒಂದೇ ದಿನ ತಂದ ಜೋಡೀನೇ ಹಾಕ್ರಿ, ಹಳೇದೊಂದು ಹೊಸಾದೊಂದು ಕೂಡಿಸಬ್ಯಾಡ್ರಿ. 0.15 ಓಮ್ ಎಳಿಯಾವರು ಸೆಲ್ ಎಷ್ಟು ಆಂಪ್ ತಡೀತೈತಿ ಅಂತ ನೋಡ್ರಿ, ಬರೇ ಎಮ್‌ಎಎಚ್ (ಎಷ್ಟು ಚಾರ್ಜ್ ಹಿಡೀತೈತಿ ಅನ್ನೂದು) ನೋಡಿ ಮರುಳಾಗಬ್ಯಾಡ್ರಿ.

ಗುಮ್ಮಟದ ಗಾಳಿ
ಮೆಕ್ಯಾನಿಕ್ ಸಾಹೇಬ್ರಗ ನನ್ನ ಸಲಾಮ್. ಇದನ್ನ ನಮ್ಮ ಅಂಗಡಿಯಾಂವ ಹೇಳಿರಲಿಲ್ಲ.

ಕೆರೂರ ಕಾಕಾ
ಸಣ್ಣದೊಂದು ಚಂಚಿ, ಒಳಗ ಚೂರು ತಂಬಾಕ, ಸುಣ್ಣದ ಡಬ್ಬಿ. ಬ್ಯಾಟರಿ ಇಲ್ಲ, ಕಾಯಿಲ್ ಇಲ್ಲ, ಪ್ಯಾಂಟಿಗೆ ಬೆಂಕೀನೂ ಇಲ್ಲ. ನಲವತ್ತು ವರ್ಷ ಆತು, ನಾ ಗಟ್ಟಿ ಅದೇನಿ.

ಇಳಕಲ್ ಸೆರಗು
ಕಾಕಾರ, ಎಲ್ಲಾರಿಗೂ ಕಾಯ್ದೆ ಹೇಳಿ ನೀವು ಇದಾ? ನಿಮ್ಮ ಬಾಯಿ ಪೂರ್ತಿ ತೆರೀತೈತೇನು? ಮೂರು ಬಟ್ಟು ಒಂದರ ಮ್ಯಾಲೊಂದು ಇಟ್ಟು ಹಲ್ಲಿನ ನಡುವ ಹೋಗ್ತಾವೇನು ನೋಡ್ರಿ. ಒಳಗ ಬಿಳಿ ಮಚ್ಚಿ, ಮಾಯದ ಹುಣ್ಣು ಇದ್ರ ಬಾಗಲಕೋಟೆಯಾಗ ಹಲ್ಲಿನ ಡಾಕ್ಟರಿಗೆ ಈ ವಾರಾನೇ ತೋರಸ್ರಿ. ಸುಣ್ಣ ಹಚ್ಚಿದ ತಂಬಾಕ ಬಾಯಿ ಕ್ಯಾನ್ಸರಿಗೆ ಕಾರಣ, ಇದರಾಗ ಚರ್ಚಾ ಇಲ್ಲ.

ಕೆರೂರ ಕಾಕಾ
ಎರಡು ಬಟ್ಟು ಹೋಗ್ತಾವ.

ಇಳಕಲ್ ಸೆರಗು
ಸೋಮವಾರ ಹೋಗ್ರಿ ಕಾಕಾ. ಒಬ್ಬರ ಹೋಗಬ್ಯಾಡ್ರಿ, ಕಾಕೂನೂ ಕರಕೊಂಡು ಹೋಗ್ರಿ. ಏನಂದ್ರು ಅಂತ ನನಗ ಬ್ಯಾರೆ ಮೆಸೇಜ್ ಹಾಕ್ರಿ.

ನಿಪ್ಪಾಣಿ ಪಾವ್ಣ್ಯಾ
ಎಲ್ಲಾರಿಗೂ: ಗೋಕಾಕದ ತಮ್ಮ ಹೇಳಿಧಂಗ ಸಿಗಾರ್ ಎಲಿ ನೆಟ್ ತಂದು, ಕಪಾಟಿನ್ಯಾಗ ಇಟ್ಟು, ಆರ್‌ಟಿಎದಾಗ ಹಾಕಿದ್ನಿ. ಶೇಂಗಾ ಹೋತು, ಸಕ್ಕರಿ ಹೋತು. ಘಾಟು ಐತಿ, ಒಣ ಎಲಿ ವಾಸನಿ ಐತಿ. ನಿಪ್ಪಾಣಿ ಅಲ್ಲ. ನಿಪ್ಪಾಣಿ ಹಾದಿ ಹಿಡದೈತಿ ಅನ್ನಬಹುದು, ಸಂಕೇಶ್ವರದಾಗ ನಿಂತೈತಿ. ಬೀಡಿಯ ಸುಟ್ಟ ರುಚಿ ಮಾತ್ರ ಇಲ್ಲ.

ಕಾಯಿಲ್ ಸುತ್ತಾವ
ಅದು ಬರೂದೂ ಇಲ್ಲ ಅಣ್ಣಾ. ಎಳಿಯುವಾಗ ಸಿಗರೇಟಿನ ಕೆಂಡ 900 ಡಿಗ್ರಿ ಹತ್ತರ ಹೋಗ್ತೈತಿ, ಅಲ್ಲಿ ಎಲಿ ಸುಟ್ಟು ಸಾವಿರಾರು ಹೊಸಾ ವಸ್ತು ಹುಟ್ಟತಾವ. ರುಚೀನೂ ಅದರಾಗ, ಕ್ಯಾನ್ಸರೂ ಅದರಾಗ, ಟಾರೂ ಅದರಾಗ. ನಮ್ಮ ಕಾಯಿಲ್ 200 ಆಚೀಚೆ ಇರ್ತೈತಿ, ಸುಡೂದಿಲ್ಲ, ಬರೇ ಆವಿ ಮಾಡ್ತೈತಿ. ಸುಟ್ಟ ರುಚಿ ಬಂತಂದ್ರ ಹತ್ತಿ ಸುಟ್ಟೈತಿ ಅಂತ ತಿಳಕೋರಿ, ಲಗೂ ಬಂದ್ ಮಾಡ್ರಿ.

ಬಾದಾಮಿ ಬಂಡಿ
ಮತ್ತ ಬಾಟ್ಲಿ ಈಗ ಖರೀದಿ ಮಾಡಿ ಇಟಗೋರಿ ಇಂಗ್ಲೆಂಡಿನಾವರು. ಎಲ್ಲಾ ಲಿಕ್ವಿಡಿಗೂ 2026ರ ಅಕ್ಟೋಬರ್ 1ರಿಂದ ಹೊಸಾ ತೆರಿಗಿ, 10 ಮಿಲಿಗೆ 2 ಪೌಂಡ್ 20 ಪೆನ್ಸ್. ಒಗದುಬಿಡೂ ಡಿಸ್ಪೋಸಬಲ್ ಅಂತೂ 2025ರ ಜೂನ್ 1ಕ್ಕ ಬಂದ್ ಆದ್ವು.

ನಿಪ್ಪಾಣಿ ಪಾವ್ಣ್ಯಾ
ಖರೀದಿ ಮಾಡಿ ಇಡೂದಿಲ್ಲ. ತೆರಿಗಿ ಬಂದ್ರ ನಿಕೋಟಿನ್ 20ರಿಂದ 10ಕ್ಕ ಇಳಸ್ತೇನಿ, ಆಮ್ಯಾಲೆ 6. ಜುಗ್ಗತನಾನೇ ಬಿಡಸಲಿ.

ತಿಳಕವಾಡಿ ಹುಡುಗ
ಅಣ್ಣಾ ದೀಪಾವಳಿಗೆ ಬರುವಾಗ ಪಾಡ್ ಬ್ಯಾಡ, ಚಾಕಲೇಟ್ ತಾ. ಬದಲಿಗೆ ಕುಂದಾ ಕೊಡಸ್ತೇನಿ.

ಕಾಯಿಲ್ ಸುತ್ತಾವ
ಕುಂದಾ ನಾಕು ದಿನಕ್ಕ ಕೆಡ್ತೈತಿ. ತಗೊಂಡು ಹೋಗಾಕ ಗೋಕಾಕ ಕರದಂಟೇ ಬೇಕು.

ಮುಧೋಳ ಮೆಕ್ಯಾನಿಕ್
ಗೋಕಾಕದ್ದಾ? ಅಮೀನಗಡ ಕರದಂಟು ತಿಂದೀರೇನು ನೀವು?

ಇಳಕಲ್ ಸೆರಗು
ಅಮೀನಗಡದ್ದೇ. ಇದಕ್ಕ ಬ್ಯಾರೆ ಚರ್ಚಾ ತಗೀರಿ, ನಾ ಬರ್ತೇನಿ.